ಕಪಾಟಿಗೆ ಬೀಗ ಹಾಕಿದವರು ಯಾರು ಸ್ವಾಮಿ?

ಹತ್ತನೇ ಕ್ಲಾಸಿನ ರಿಸಲ್ಟ್ ಬಂತು ಅಂದ್ರೆ ನಮ್ಮ ಸಂಘದಲ್ಲಿ ಸನ್ಮಾನ ಕಾರ್ಯಕ್ರಮ ಇದ್ದೇ ಇರುತ್ತೆ. 90 ಪರ್ಸೆಂಟ್ ದಾಟಿದ ಮಕ್ಕಳಿಗೆ ಒಂದು ಹೂಗುಚ್ಛ, ಒಂದು ಸ್ಮರಣಿಕೆ, ಒಂದು ಸ್ಟೀಲ್ ಡಬ್ಬಿ. ಪುಸ್ತಕ ಮಾತ್ರ ಕೊಡಲ್ಲ, ಯಾಕೋ ಗೊತ್ತಿಲ್ಲ. 2025ರ ಜೂನ್‌ನಲ್ಲಿ ನಡೆದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಮಗಳೂ ಬಂದಿದ್ದಳು, ಆದರೆ ಕೆಳಗೆ ಕುರ್ಚಿಯಲ್ಲಿ ಕೂರೋಕೆ. ಅವಳಿಗೆ ಬಂದಿದ್ದು 86.

ಮುಖ್ಯ ಅತಿಥಿಗಳು ಮೈಕ್ ಹಿಡಿದವರೇ ಶುರು ಹಚ್ಚಿಕೊಂಡರು. ಇವತ್ತಿನ ಮಕ್ಕಳು ಓದೋದೇ ಇಲ್ಲವಂತೆ, ಮೊಬೈಲ್ ಬಿಟ್ಟರೆ ಬೇರೆ ಲೋಕ ಇಲ್ಲವಂತೆ, ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗಂತೂ ಒಬ್ಬ ಕನ್ನಡ ಲೇಖಕನ ಹೆಸರೂ ಗೊತ್ತಿಲ್ಲವಂತೆ. ಭರ್ಜರಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿದ್ದೀನಿ, ಈ ಭಾಷಣ ಎಷ್ಟು ಸಲ ಕೇಳಿದ್ದೀನೋ, ಪ್ರತಿ ಸಲ ತಟ್ಟಿದ್ದೀನಿ. ಪಕ್ಕದಲ್ಲಿದ್ದ ಮಗಳು ತಟ್ಟಲಿಲ್ಲ.

ಮನೆಗೆ ಬಂದ ಮೇಲೆ ಒಂದು ರಫ್ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಮುಂದಿನಿಂದ ತೆರೆದರೆ ಬರೀ ಬೀಜಗಣಿತ. ಹಿಂದಿನಿಂದ ತೆರೆದರೆ ಪುಸ್ತಕಗಳ ಪಟ್ಟಿ. 2024ರ ಜೂನ್‌ನಿಂದ 2025ರ ಫೆಬ್ರವರಿವರೆಗೆ ಹದಿನಾಲ್ಕು ಪುಸ್ತಕ, ಪ್ರತಿಯೊಂದರ ಕೆಳಗೆ ಎರಡು ಮೂರು ಸಾಲು. ಎಲ್ಲ ಇಂಗ್ಲಿಷಿನಲ್ಲಿ. (ಅವಳ ಒಪ್ಪಿಗೆ ತಗೊಂಡೇ ಇಲ್ಲಿ ಕನ್ನಡಕ್ಕೆ ತಂದಿದ್ದೀನಿ.)

ಪಟ್ಟಿಯ ಮೇಲೆ ಮೊದಲ ಸಾಲು ಹೀಗಿತ್ತು: "ಇವತ್ತಿನಿಂದ ಕಪಾಟಿಗೆ ಬೀಗ. ಕೀ ಅಪ್ಪನ ಶೇವಿಂಗ್ ಡಬ್ಬಿಯಲ್ಲಿದೆ."

ಹೌದು ಸ್ವಾಮಿ, ಬೀಗ ಹಾಕಿದ್ದು ನಾನೇ. ಹತ್ತನೇ ಕ್ಲಾಸು ಅಂದ್ರೆ ನಮ್ಮಂಥವರ ಮನೆಗಳಲ್ಲಿ ಸೂತಕ ಇದ್ದ ಹಾಗೆ. ಕೇಬಲ್ ಕಟ್, ಊರಿಗೆ ಹೋಗೋದು ಕಟ್, "ಹೊರಗಿನ" ಪುಸ್ತಕ ಕಟ್. ಪುಣೆಯ ಭಾವ ಹೇಳಿದರು, ನಾನು ಮಾಡಿದೆ. ಶಾಲೆಯವರೂ ಕಮ್ಮಿ ಇರಲಿಲ್ಲ. ವಾರಕ್ಕೊಂದು ಇದ್ದ ಲೈಬ್ರರಿ ಪೀರಿಯಡ್ಡನ್ನು ಹತ್ತನೆಯವರಿಗೆ ಗಣಿತಕ್ಕೆ ಕೊಟ್ಟುಬಿಟ್ಟಿದ್ದರು. ಅದಕ್ಕೆ ಪೇರೆಂಟ್ಸ್ ಮೀಟಿಂಗಿನಲ್ಲಿ ನಾವೆಲ್ಲ ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೆವು!

ಅದೇ ಶಾಲೆಯಲ್ಲಿ ವರ್ಷದ ಕೊನೆಗೆ "ಈ ವರ್ಷ ನಾನು ಓದಿದ್ದು, ಕಲಿತದ್ದು" ಅಂತ ಒಂದು ಪುಟ ಬರೆಸಿದರು. ಏನು ಬರೀಬೇಕು ಅಂತ ಟೀಚರೇ ಬೋರ್ಡಿನ ಮೇಲೆ ಬರೆದುಕೊಟ್ಟರು. ಇಡೀ ಕ್ಲಾಸಿನ ಮಕ್ಕಳು ಅದೇ ಸಾಲು ಇಳಿಸಿಕೊಂಡರು: ಸಮಯಪಾಲನೆ ಕಲಿತೆ, ಪಠ್ಯಪುಸ್ತಕವೇ ನನ್ನ ನಿಜವಾದ ಗೆಳೆಯ, ಇತ್ಯಾದಿ. ಮಗಳಿಗೆ ಅದಕ್ಕೆ ಪೂರ್ತಿ ಮಾರ್ಕು. ಆ ಪುಟದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಕಳಿಸಿದ ಮಹಾನುಭಾವ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಅವಳು ನಿಜವಾಗಿ ಓದಿದ್ದು, ಕಲಿತದ್ದು ಈ ರಫ್ ಬುಕ್ಕಿನ ಹಿಂದೆ ಇತ್ತು.

ಮೂರನೇ ಮಹಡಿಯ ಮರಾಠಿ ಆಜಿ ಕೊಟ್ಟ ಪು.ಲ. ದೇಶಪಾಂಡೆಯವರ ‘ಬಟಾಟ್ಯಾಚೀ ಚಾಳ್’ ಇದೆ. "ಆಜಿ ನಾನು ನಗೋದಕ್ಕೆ ಮುಂಚೆ ತಾನೇ ನಕ್ಕುಬಿಡ್ತಾಳೆ" ಅಂತ ಟಿಪ್ಪಣಿ. ಆನ್ ಫ್ರಾಂಕಳ ಡೈರಿ ಇದೆ. ಅದರ ಕೆಳಗೆ ಬರೆದಿದ್ದಾಳೆ: "ಇವಳು ಮನೆಯವರ ಬಗ್ಗೆ ಸಿಟ್ಟಾಗಿ ಬರೆದದ್ದು ಓದಿ ನನಗೆ ಸಮಾಧಾನ ಆಯ್ತು. ಸಮಾಧಾನ ಆಯ್ತಲ್ಲ ಅಂತ ನಾಚಿಕೆಯೂ ಆಯ್ತು." ಹದಿನೈದು ವರ್ಷದ ಹುಡುಗಿ! ಬೋರ್ಡಿನ ಮೇಲೆ ಬರೆದುಕೊಟ್ಟು ಇಂಥ ಸಾಲು ಹುಟ್ಟಿಸೋಕಾಗುತ್ತಾ?

ನನಗೆ ಕಪಾಳಕ್ಕೆ ಬಿಟ್ಟ ಹಾಗಾಗಿದ್ದು ಅದರ ನಂತರದ್ದು. ಪಟ್ಟಿಯಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇತ್ತು, ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ. ಗೆಳತಿಯಿಂದ ತಂದು ಕೆಮಿಸ್ಟ್ರಿ ಗೈಡಿನ ರಟ್ಟು ಹಾಕಿ ಓದಿದ್ದಂತೆ. ಕೆಳಗೆ: "ಇವರೆಲ್ಲ ನಮ್ಮ ಮನೆಯವರ ಹಾಗೇ ಮಾತಾಡ್ತಾರೆ, ಆದರೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಏನಂದಿರಬಹುದು?" ಆಮೇಲೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ‘ನೋ ಪ್ರೆಸೆಂಟ್ಸ್ ಪ್ಲೀಸ್’. ತೇಜಸ್ವಿನಿ ನಿರಂಜನ ಅವರ ಅನುವಾದ, 2018ರ ಡಿಎಸ್‌ಸಿ ಪ್ರಶಸ್ತಿ ಬಂತಲ್ಲ, ಅದೇ. ಅದಕ್ಕೆ ಅವಳ ಟಿಪ್ಪಣಿ: "ಲೇಖಕರು ಗೋಕರ್ಣದವರು. ಅಪ್ಪನ ಊರಿಂದ ಹತ್ತಿರ. ಅಪ್ಪನಿಗೆ ಗೊತ್ತಾ?"

ಅಪ್ಪನಿಗೆ ಗೊತ್ತು ಮಗಳೇ. ನಾನು ಕುಮಟಾದವ, ಗೋಕರ್ಣ ನಮ್ಮದೇ ತಾಲ್ಲೂಕು. ಅಷ್ಟೇ ಅಲ್ಲ, ಕಾಯ್ಕಿಣಿಯವರ ‘ಅಮೃತಬಳ್ಳಿ ಕಷಾಯ’, ‘ತೂಫಾನ್ ಮೇಲ್’ ಎರಡೂ ಮೂಲ ಕನ್ನಡದಲ್ಲಿ ನಮ್ಮ ಮನೆಯಲ್ಲೇ ಇವೆ. ನಾನು ಬೀಗ ಹಾಕಿದ ಕಪಾಟಿನಲ್ಲಿ. ಮಾಟುಂಗಾದಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋದಾಗ ಕೊಂಡು, ಒಂದೆರಡು ಕಥೆ ಓದಿ ಇಟ್ಟಿದ್ದು. ಚಿತ್ತಾಲರ ‘ಶಿಕಾರಿ’ಯೂ ಇದೆ, ಅರ್ಧಕ್ಕೆ ಲೋಕಲ್ ಟಿಕೆಟ್ ಸಿಕ್ಕಿಸಿಕೊಂಡು.

ಈಗ ಹೇಳಿ, ಓದದವರು ಯಾರು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡಕ್ಕೆ ಮೊದಲನೆಯದು. ನಮ್ಮ ಗ್ರೂಪುಗಳಲ್ಲಿ ಏನು ಹಬ್ಬ, ಏನು ಧ್ವಜ! ನಾನೊಬ್ಬನೇ ಮೂರು ಗ್ರೂಪಿಗೆ ಅಭಿನಂದನೆ ಫಾರ್ವರ್ಡ್ ಮಾಡಿದೆ. ಯಾರೋ ಕಿಡಿಗೇಡಿ "ಅವರ ಒಂದು ಕಥೆ ಓದಿದವರು ಕೈ ಎತ್ತಿ" ಅಂದ. ಇಡೀ ಗ್ರೂಪು ಗಪ್‌ಚುಪ್. ನಮ್ಮ ಮನೆಯಲ್ಲಿ ಆ ಹನ್ನೆರಡು ಕಥೆ ಓದಿ ಮುಗಿಸಿದ್ದು ಒಬ್ಬಳೇ, ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ. ಅದನ್ನು "ಕನ್ನಡ ಓದಲ್ಲ" ಅನ್ನೋ ಲೆಕ್ಕಕ್ಕೆ ಸೇರಿಸ್ತೀವಿ ನಾವು. ಅನುವಾದ ಓದಿದರೆ ಓದಿದ ಹಾಗಲ್ಲ ಅಂತ ಮೂಗು ಮುರಿಯೋರು ಮೊದಲು ಮೂಲ ಓದಿದ್ದಾರಾ ಅಂತ ಕೇಳಿ ನೋಡಿ.

"ಅಯ್ಯೋ, ಮಕ್ಕಳಿಗೆ ಕನ್ನಡ ಲಿಪಿ ಬರಲ್ಲವಲ್ಲ" ಅಂತೀರಿ. ಬರೋದು ಹೇಗೆ? ನಾವು ಕಲಿಸಿದರೆ ತಾನೇ? ಈ ಮಕ್ಕಳು ಮೊದಲಿನಿಂದ ದೇವನಾಗರಿ ಓದಿ ಬೆಳೆದವರು. ಅದೇ ಕ ಖ ಗ ಘ, ಅದೇ ಕಾಗುಣಿತದ ಕ್ರಮ. ಳ ಅಕ್ಷರ ಮರಾಠಿಯಲ್ಲೂ ಇದೆ. ಹೊಸದು ಅಂದ್ರೆ ಹ್ರಸ್ವದ ಎ, ಒ. ಮತ್ತೆ ಕೆಳಗೆ ಜೋತುಬೀಳೋ ಒತ್ತಕ್ಷರ. ಮಹಾರಾಷ್ಟ್ರದ ಬಾಲಭಾರತಿಯೇ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚು ಹಾಕುತ್ತೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಕ್ಕಳು ಓದೋದು ಅದನ್ನೇ. ಮನೆಯಲ್ಲಿ ಮಾತು ಬರುತ್ತೆ, ಇನ್ನೊಂದು ಲಿಪಿ ಬರುತ್ತೆ, ಪುಸ್ತಕ ಸಿಗುತ್ತೆ. ಇಲ್ಲದಿದ್ದದ್ದು ದಿನಕ್ಕೆ ಅರ್ಧ ಗಂಟೆ ಕೂರುವ ಅಪ್ಪ.

ಒಂದು ಕಾಲದಲ್ಲಿ ನಮ್ಮವರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗ್ತಿದ್ದರು ಅಂತ ಪ್ರತಿ ಭಾಷಣದಲ್ಲೂ ಬರುತ್ತೆ. ನಿಜವೇ. ಆದರೆ ಅವರ ಪುಸ್ತಕ ಯಾರೂ ಕಿತ್ತು ಕಪಾಟಿನಲ್ಲಿ ಇಟ್ಟಿರಲಿಲ್ಲ ಅನ್ನೋದೂ ಅಷ್ಟೇ ನಿಜ.

"ಆ ಹದಿನಾಲ್ಕು ಪುಸ್ತಕ ಓದದಿದ್ದರೆ 92 ಬರ್ತಿತ್ತೇನೋ" ಅಂದರು ಪುಣೆಯ ಭಾವ, ವಿಷಯ ತಿಳಿದ ಮೇಲೆ. ಬರ್ತಿತ್ತು ಭಾವ. ಬಂದರೆ ಒಂದು ಸ್ಟೀಲ್ ಡಬ್ಬಿ ಸಿಗ್ತಿತ್ತು.

ಮಳೆ ಶುರುವಾದ ಮೇಲೆ ಕೂತಿದ್ದೇವೆ, ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ. ಮೊದಲು ಬಾಲಭಾರತಿಯ ಒಂದನೇ ಕ್ಲಾಸಿನ ಪುಸ್ತಕ. ಎರಡು ತಿಂಗಳಲ್ಲಿ ಒತ್ತಕ್ಷರ ಹಿಡಿತಕ್ಕೆ ಬಂತು, ಎ ಮತ್ತು ಏ ಮಾತ್ರ ಇನ್ನೂ ಅದಲುಬದಲು. ಆಮೇಲೆ ಅವಳೇ ಹಟ ಹಿಡಿದು ‘ತೂಫಾನ್ ಮೇಲ್’ ಎತ್ತಿಕೊಂಡಳು. ಒಂದು ಪ್ಯಾರಾಕ್ಕೆ ಇಪ್ಪತ್ತು ನಿಮಿಷ ಬೇಕು. ನಡುನಡುವೆ "ಅಪ್ಪಾ, ಹಾಗಂದ್ರೇನು?" ಅಂತಾಳೆ. ನಿನ್ನೆ ಕೇಳಿದ ಎರಡು ಶಬ್ದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಿಘಂಟು ಹುಡುಕ್ತಾ ಇದ್ದೀನಿ, ಆ ಕಪಾಟಿನಲ್ಲೇ ಎಲ್ಲೋ ಇರಬೇಕು.