ಗುಂಡಿಗೆ ಇಳಿಯುವವರಾರು?

“ಯಾವ ವೃತ್ತಿಯೂ ಕೀಳಲ್ಲ” ಎಂಬ ಮಾತಿಗೆ ನಮ್ಮ ಸಭೆಗಳಲ್ಲಿ ಚಪ್ಪಾಳೆ ತಪ್ಪದು. ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವನ್ನೂ ಅದರೊಡನೆ ಜೋಡಿಸಿಬಿಟ್ಟರೆ ಭಾಷಣ ಮುಗಿಯಿತು. ಆದರೆ ಹಾಗೆ ನುಡಿಯುವವರು ತಮ್ಮ ಮಗನನ್ನು ಮಲಗುಂಡಿಗೆ ಇಳಿಸಲು ಒಪ್ಪುವರೇ? ಒಪ್ಪರು, ಒಪ್ಪಲೂಬಾರದು. ಹಾಗಾದರೆ ಬೇರೊಬ್ಬರ ಮಗನನ್ನು ಇಳಿಸುವ ಹಕ್ಕು ನಮಗೆಲ್ಲಿಂದ ಬಂತು?

ಜಾತಿಯು ಈ ವೃತ್ತಿಗೆ ಆಳುಗಳನ್ನು ಒದಗಿಸಿತು. ಆಳುಗಳು ಅಗ್ಗವಾಗಿ ದೊರೆತುದರಿಂದ ಯಂತ್ರದ ಅಗತ್ಯ ಕಾಣಲಿಲ್ಲ. ಯಂತ್ರ ಬಾರದೆ ವೃತ್ತಿ ಉಳಿಯಿತು. ವೃತ್ತಿ ಉಳಿದು ಅದರ ಕಳಂಕ ಮಕ್ಕಳಿಗೂ ಅಂಟಿತು. ಜಾತಿ ಹಂಚಿದ್ದು ಕೆಲಸವನ್ನಲ್ಲ, ಕೆಲಸಗಾರರನ್ನೇ ಎಂದು ಅಂಬೇಡ್ಕರರು 1936ರಲ್ಲಿಯೇ ತೋರಿಸಿಕೊಟ್ಟಿದ್ದರು.

ನಮ್ಮ ನಾಡಿನಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಮೈಮೇಲೆ ಮಲ ಸುರಿದುಕೊಳ್ಳಬೇಕಾಯಿತು. ಬೇರಾವ ಭಾಷೆಯೂ ನಮ್ಮ ಕಿವಿಗೆ ಬೀಳದೆಂದು ಅವರು ಬಲ್ಲವರಾಗಿದ್ದರು.

1993ರಲ್ಲಿ ಕಾಯ್ದೆ ಬಂತು. 2013ರಲ್ಲಿ ಇನ್ನೂ ಬಿಗಿಯಾದುದು ಬಂತು. ಗುಂಡಿಯಲ್ಲಿ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತು; 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು, ಸಾವು ನಿಲ್ಲಲಿಲ್ಲ.

“ಹಣಕ್ಕಾಗಿ ಅವರೇ ಒಪ್ಪಿ ಇಳಿಯುತ್ತಾರಲ್ಲ?” ಎಂದು ಕೆಲವರು ವಾದಿಸುವುದುಂಟು. ಉಳಿದೆಲ್ಲ ಬಾಗಿಲುಗಳನ್ನು ಮುಚ್ಚಿ ಒಂದನ್ನೇ ತೆರೆದಿಟ್ಟು, ಅದರೊಳಗೆ ಹೋದವನನ್ನು ‘ಒಪ್ಪಿದವ’ ಎನ್ನುವುದು ಯಾವ ನ್ಯಾಯ?

ವಿದ್ಯಾರ್ಥಿ ಮಿತ್ರರೇ, ಹೈಡ್ರೋಜನ್ ಸಲ್ಫೈಡ್ ಪಾಠ ನೆನಪಿದೆಯೇ? ಕೊಳೆತ ಮೊಟ್ಟೆಯ ವಾಸನೆಯೆಂದು ಬರೆದು ನೀವು ಅಂಕ ಪಡೆದಿರಿ. ಪ್ರಮಾಣ ಹೆಚ್ಚಾದಾಗ ಆ ಅನಿಲ ಮೂಗಿನ ಗ್ರಹಣಶಕ್ತಿಯನ್ನೇ ಕುಗ್ಗಿಸುತ್ತದೆ. ಇಳಿದವನಿಗೆ ಎಚ್ಚರಿಕೆಯೂ ಸಿಗದು. ಅವನನ್ನು ಕಾಪಾಡಲು ಇಳಿದವನೂ ಮೇಲೆ ಬಾರನು.

ನಿಮ್ಮಲ್ಲಿ ಹಲವರು ಇಂದು ಮನೆಗಳ ಒಡೆಯರು, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು. ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಆಳಿಳಿಸಿದರೆ 2013ರ ಕಾಯ್ದೆಯಡಿ ಮೊದಲ ಅಪರಾಧಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಗುತ್ತಿಗೆದಾರನ ಮೂಲಕ ಇಳಿಸಿದರೂ ಅಪರಾಧ ಅಪರಾಧವೇ. ಆದರೆ ಶಿಕ್ಷೆಯ ಭಯದಿಂದಲ್ಲ, ವಿವೇಕದಿಂದ ನಡೆಯಿರಿ. ಕಡಿಮೆ ದರಕ್ಕೆ ಆಳು ಕಳಿಸುತ್ತೇನೆಂದವನನ್ನು ಹಿಂದಕ್ಕೆ ಕಳುಹಿಸಿ, ಹೀರುಯಂತ್ರದ ವಾಹನವನ್ನೇ ಕರೆಸಿರಿ. ವೃತ್ತಿಗೌರವವೆಂದರೆ ವೇದಿಕೆಯ ಹೊಗಳಿಕೆಯಲ್ಲ. ಯಾರೂ ಮಾಡಬಾರದ ಕೆಲಸವನ್ನು ಯಾರಿಂದಲೂ ಮಾಡಿಸದಿರುವುದು.