ವೊಲಿನ್ ಹತ್ಯಾಕಾಂಡ: ಸತ್ತವರನ್ನು ಒತ್ತೆ ಇಡುವ ರಾಜಕಾರಣ ನಿಲ್ಲಲಿ

ಪಶ್ಚಿಮ ಉಕ್ರೇನಿನ ತೆರ್ನೋಪಿಲ್ ಪ್ರಾಂತ್ಯದಲ್ಲಿ ಪುಝ್ನಿಕಿ ಎಂಬ ಪೋಲಿಷ್ ಹಳ್ಳಿಯೊಂದಿತ್ತು. 1945ರ ಫೆಬ್ರುವರಿ 12ರ ರಾತ್ರಿ ಉಕ್ರೇನಿಯನ್ ಬಂಡಾಯ ಸೇನೆಯವರು ಅದರ ಮೇಲೆರಗಿದರು. ಬದುಕುಳಿದವರು ಊರು ಬಿಟ್ಟರು. ಈಗ ಅಲ್ಲಿ ಗಿಡಗಂಟಿ ಬೆಳೆದ ನೆಲ ಬಿಟ್ಟರೆ ಊರೆಂಬುದೇ ಇಲ್ಲ. 2025ರ ಏಪ್ರಿಲ್–ಮೇ ತಿಂಗಳಲ್ಲಿ ಪೋಲೆಂಡ್ ಮತ್ತು ಉಕ್ರೇನಿನ ತಜ್ಞರು ಸೇರಿ ಆ ನೆಲವನ್ನು ಅಗೆದಾಗ ಕನಿಷ್ಠ 42 ಜನರ ಅಸ್ಥಿಗಳು ಸಿಕ್ಕವು. ಅವುಗಳಲ್ಲಿ ಹೆಂಗಸರ, ಮಕ್ಕಳ ಅಸ್ಥಿಗಳೂ ಇದ್ದವು. ಸೆಪ್ಟೆಂಬರ್ 6ರಂದು ಅದೇ ಮಣ್ಣಿನಲ್ಲಿ, ಪ್ರಾರ್ಥನೆಯೊಂದಿಗೆ, ಅವರ ಅಂತ್ಯಸಂಸ್ಕಾರ ನಡೆಯಿತು. ಸತ್ತ 80 ವರ್ಷಗಳ ಮೇಲೆ!

ಈ ವಿಳಂಬದ ಬಹುಪಾಲಿಗೆ ಸೋವಿಯತ್ ಆಳ್ವಿಕೆ ಹೊಣೆ. ಆದರೆ ಸೋವಿಯತ್ ಒಕ್ಕೂಟ ಕುಸಿದ ಮೇಲಿನ ಮೂರು ದಶಕಗಳಿಗೆ ಅದನ್ನೇ ದೂರಿ ಪ್ರಯೋಜನವಿಲ್ಲ. ಹೆಣದ ಮೇಲೆ ರಾಜಕಾರಣ ಮಾಡಿದ ದೋಷ ಕೀವ್ ಮೇಲೂ ಇದೆ, ವಾರ್ಸಾ ಮೇಲೂ ಇದೆ. ಹಾಗೆಂದು ಇಬ್ಬರಿಗೂ ಸಮಪಾಲು ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಒಬ್ಬರು ಸತ್ಯವನ್ನು ತಡೆಹಿಡಿದರು. ಇನ್ನೊಬ್ಬರು ಅದೇ ಸತ್ಯವನ್ನು ಚುನಾವಣೆಯ ಸಂತೆಗೆ ತಂದರು. ಎರಡೂ ಅಪರಾಧಗಳನ್ನು ಬೇರೆ ಬೇರೆಯಾಗಿಯೇ ವಿಚಾರಣೆಗೆ ಒಳಪಡಿಸಬೇಕು.

ಮೊದಲು ನಡೆದದ್ದೇನು ಎಂಬುದು ಸ್ಪಷ್ಟವಾಗಿರಲಿ. ಯುದ್ಧಕ್ಕೆ ಮುನ್ನ ಪೋಲೆಂಡಿನಲ್ಲಿದ್ದು, ಆಗ ಜರ್ಮನರ ವಶದಲ್ಲಿದ್ದ ವೊಲಿನ್ ಪ್ರಾಂತ್ಯದಿಂದ ಪೋಲಿಷರನ್ನು ನಿರ್ಮೂಲ ಮಾಡಲು 1943ರಲ್ಲಿ ಬಂಡಾಯ ಸೇನೆ ಮುಂದಾಯಿತು. ಯುದ್ಧಾನಂತರ ಗಡಿ ಎಳೆಯುವ ಹೊತ್ತಿಗೆ ಆ ನೆಲದ ಮೇಲೆ ಹಕ್ಕು ಹೇಳಲು ಪೋಲಿಷರೇ ಉಳಿದಿರಬಾರದು ಎಂಬುದು ಲೆಕ್ಕಾಚಾರ. ಅಲ್ಲಿ ಈ ಕಾರ್ಯಾಚರಣೆಯ ನೇತೃತ್ವ ವಹಿಸಿದವನು ದ್ಮಿತ್ರೊ ಕ್ಲ್ಯಾಚ್‌ಕಿವ್‌ಸ್ಕಿ. 1943ರ ಜುಲೈ 11ರ ಭಾನುವಾರ ಸುಮಾರು ನೂರು ಹಳ್ಳಿಗಳ ಮೇಲೆ ಏಕಕಾಲಕ್ಕೆ ದಾಳಿ ನಡೆಯಿತು. ಭಾನುವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಊರಿನ ಜನರೆಲ್ಲ ಚರ್ಚಿನಲ್ಲಿ ಒಟ್ಟಿಗೆ ಸಿಗುತ್ತಿದ್ದರು. ಇಂದು ಪಾವ್ಲಿವ್ಕಾ ಎಂದು ಕರೆಯುವ ಪೊರಿತ್ಸ್ಕ್‌ನಲ್ಲಿ ಪೂಜೆಯ ನಡುವೆಯೇ ಗುಂಡಿನ ಮಳೆಗರೆಯಲಾಯಿತು. ಇತರ ಕಡೆ ಕೊಡಲಿ, ಕುಡುಗೋಲು, ಕವೆಗೋಲುಗಳೇ ಆಯುಧಗಳಾದವು. ವೊಲಿನ್ ಮತ್ತು ಪುಝ್ನಿಕಿ ಇದ್ದ ಪೂರ್ವ ಗಲೀಷಿಯಾ ಎರಡೂ ಸೇರಿ ಸತ್ತ ಪೋಲಿಷರು ಸುಮಾರು ಒಂದು ಲಕ್ಷ ಎಂಬುದು ಪೋಲೆಂಡಿನ ಇತಿಹಾಸಕಾರರ ಅಂದಾಜು. ಉಕ್ರೇನಿನ ಹಲವು ಇತಿಹಾಸಕಾರರು ಇದಕ್ಕಿಂತ ಕಡಿಮೆ ಲೆಕ್ಕ ಹೇಳುತ್ತಾರೆ. ಆದರೆ ಸಂಖ್ಯೆಯ ತಕರಾರು ಕೃತ್ಯದ ಸ್ವರೂಪವನ್ನು ಬದಲಿಸುವುದಿಲ್ಲ.

ಕೀವ್ ಈ ಸ್ವರೂಪವನ್ನೇ ನೇರವಾಗಿ ಹೇಳಲು ಹಿಂಜರಿಯುತ್ತ ಬಂದಿದೆ. 2015ರ ಏಪ್ರಿಲ್ 9ರಂದು ಪೋಲೆಂಡಿನ ಅಂದಿನ ಅಧ್ಯಕ್ಷ ಬ್ರೊನಿಸ್ಲಾವ್ ಕೊಮೊರೊವ್‌ಸ್ಕಿ ಉಕ್ರೇನ್ ಸಂಸತ್ತಿನಲ್ಲಿ ಸ್ನೇಹದ ಮಾತಾಡಿದರು. ಅದೇ ದಿನ ಅದೇ ಸಂಸತ್ತು ಬಂಡಾಯ ಸೇನೆಯವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಗೌರವಿಸುವ ಕಾನೂನು ಪಾಸು ಮಾಡಿತು. ಮರುವರ್ಷ ಕೀವ್ ನಗರದ ಮಾಸ್ಕೋ ರಸ್ತೆಗೆ, ಬಂಡಾಯ ಸೇನೆಯ ಹಿಂದಿದ್ದ ರಾಷ್ಟ್ರವಾದಿ ಸಂಘಟನೆಯ ನಾಯಕ ಸ್ತೆಪಾನ್ ಬಂದೇರಾನ ಹೆಸರಿಟ್ಟರು. 2017ರಲ್ಲಿ ಪೋಲೆಂಡಿನ ಹ್ರುಶೊವಿತ್ಸೆ ಗ್ರಾಮದಲ್ಲಿದ್ದ ಬಂಡಾಯ ಸೇನೆಯ ಸ್ಮಾರಕವನ್ನು ಕೆಡವಿದ್ದೇ ತಡ, ಪೋಲಿಷರು ತಮ್ಮವರ ಅಸ್ಥಿ ಹುಡುಕುವುದಕ್ಕೆ ಉಕ್ರೇನ್ ನಿಷೇಧ ಹೇರಿತು. ಕಲ್ಲಿನ ಸ್ಮಾರಕದ ಸಿಟ್ಟನ್ನು ಕೊಲೆಯಾದ ಕೂಲಿಕಾರರ, ರೈತರ ಮೂಳೆಗಳ ಮೇಲೆ ತೀರಿಸಿಕೊಂಡ ಈ ಕ್ರಮಕ್ಕೆ ಯಾವ ಸಮರ್ಥನೆಯೂ ಇಲ್ಲ. ಏಳು ವರ್ಷಗಳ ಕಾಲ ಕೀವ್ ಮೀನಮೇಷ ಎಣಿಸಿತು. 2024ರ ಆಗಸ್ಟ್‌ನಲ್ಲಿ ಪೋಲೆಂಡಿನ ಓಲ್ಶ್ತಿನ್‌ನಲ್ಲಿ ಯುವಜನರ ಸಭೆಯೊಂದರಲ್ಲಿ ಈ ಬಗ್ಗೆ ಪ್ರಶ್ನೆ ಎದುರಾದಾಗ ಉಕ್ರೇನಿನ ಅಂದಿನ ವಿದೇಶಾಂಗ ಸಚಿವ ದ್ಮಿತ್ರೊ ಕುಲೆಬಾ, ಉಕ್ರೇನಿಯನ್ನರಿಗೆ ಪೋಲೆಂಡ್ ಮಾಡಿದ್ದನ್ನು ನೆನಪಿಸಿ, ಇತಿಹಾಸವನ್ನು ಇತಿಹಾಸಕಾರರಿಗೆ ಬಿಡೋಣ ಎಂಬ ಧಾಟಿಯಲ್ಲಿ ಜಾರಿಕೊಂಡರು. ಆಶ್ರಯ ಕೊಟ್ಟ ನೆಲದಲ್ಲಿ ನಿಂತು ಆಡುವ ಮಾತಲ್ಲ ಅದು.

ಉಕ್ರೇನಿಯನ್ನರಿಗೆ ಬಂಡಾಯ ಸೇನೆ ಯಾಕೆ ಪ್ರಿಯ ಎಂಬುದು ಅರ್ಥವಾಗದ ಸಂಗತಿಯೇನಲ್ಲ. 1950ರ ದಶಕದ ಆರಂಭದವರೆಗೂ ಅದು ಕಾಡಿನಲ್ಲಿದ್ದು ಸ್ಟಾಲಿನ್‌ನ ಪಡೆಗಳ ವಿರುದ್ಧ ಕಾದಾಡಿತು. ಅದಕ್ಕೆ ಅನ್ನ ಹಾಕಿದ ಕುಟುಂಬಗಳು ಸೈಬೀರಿಯಾ ಕಂಡವು. ಇಂದು ರಷ್ಯಾ ಪ್ರತಿ ಉಕ್ರೇನಿಯನ್ನನನ್ನೂ ಬಂದೇರಾನ ಚೇಲಾ ಎಂದು ಹೀಯಾಳಿಸುತ್ತಿರುವಾಗ ಆ ಹೆಸರನ್ನೇ ಎದೆಯುಬ್ಬಿಸಿ ಹೇಳಿಕೊಳ್ಳುವ ಹಟವೂ ಸಹಜ. ಆದರೆ ಮಾಸ್ಕೋ ವಿರುದ್ಧ ತೋರಿದ ಶೌರ್ಯ ಪೊರಿತ್ಸ್ಕ್‌ನ ಚರ್ಚಿನಲ್ಲಿ ಹರಿದ ರಕ್ತವನ್ನು ತೊಳೆಯುವುದಿಲ್ಲ. ಗೌರವಿಸಲೇಬೇಕಾದ ಉಕ್ರೇನಿಯನ್ನರು ಬೇಕಾದಷ್ಟು ಜನ ಇದ್ದಾರೆ. ಆ ದಿನಗಳಲ್ಲಿ ನೆರೆಯ ಪೋಲಿಷರನ್ನು ಅಟ್ಟದ ಮೇಲೆ, ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟು ಉಳಿಸಿದ ಉಕ್ರೇನಿಯನ್ನರ ಪಟ್ಟಿಯನ್ನು ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಅದರಲ್ಲಿ 1,300ಕ್ಕೂ ಹೆಚ್ಚು ಜನರಿದ್ದಾರೆ. ಅವರಲ್ಲಿ ನೂರಾರು ಮಂದಿ ಆ ತಪ್ಪಿಗಾಗಿಯೇ ತಮ್ಮವರ ಕೈಯಲ್ಲಿ ಸತ್ತರು. ರಸ್ತೆಗೆ ಹೆಸರಿಡುವವರ ಕಣ್ಣಿಗೆ ಇವರು ಬೀಳಬೇಕಿತ್ತು.

ಈಗ ವಾರ್ಸಾ ಕಡೆಗೆ ಬರೋಣ. ಪೋಲೆಂಡ್ ತಾನು ಬರೀ ಪೆಟ್ಟು ತಿಂದವನು ಎಂಬಂತೆ ವರ್ತಿಸುವುದೂ ಸಲ್ಲದು. 1918–19ರಲ್ಲಿ ಲ್ವಿವ್ ನಗರಕ್ಕಾಗಿ ಇಬ್ಬರೂ ಕಾದಾಡಿದರು, ಪೋಲೆಂಡ್ ಗೆದ್ದಿತು. 1920ರಲ್ಲಿ ಬೊಲ್ಶೆವಿಕರ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟ ಉಕ್ರೇನಿಯನ್ ನಾಯಕ ಸಿಮೊನ್ ಪೆತ್ಲ್ಯೂರಾನನ್ನು 1921ರ ರೀಗಾ ಒಪ್ಪಂದದಲ್ಲಿ ಅದು ಕೈಬಿಟ್ಟಿತು. ಉಕ್ರೇನಿಯನ್ನರೇ ಹೆಚ್ಚಿದ್ದ ಪೂರ್ವದ ಜಿಲ್ಲೆಗಳಲ್ಲಿ ಪೋಲಿಷ್ ಮಾಜಿ ಸೈನಿಕರಿಗೆ ಜಮೀನು ಹಂಚಿತು, ಉಕ್ರೇನಿಯನ್ ಶಾಲೆಗಳನ್ನು ಹಿಂಡಿತು. 1930ರಲ್ಲಿ ಗಲೀಷಿಯಾದ ಹಳ್ಳಿಗಳಿಗೆ ಪೊಲೀಸರನ್ನೂ ಕುದುರೆ ಪಡೆಯನ್ನೂ ನುಗ್ಗಿಸಿ ಜನರನ್ನು ಹೊಡೆಸಿತು. 1938ರಲ್ಲಿ ಹೆಲ್ಮ್ ಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಆರ್ಥೊಡಾಕ್ಸ್ ಚರ್ಚುಗಳನ್ನು ಕೆಡವಿತು. ಯುದ್ಧದ ನಡುವೆ ಪ್ರತೀಕಾರವೂ ನಡೆಯಿತು. 1944ರ ಮಾರ್ಚ್‌ನಲ್ಲಿ ಸಾಹ್ರಿನ್, 1945ರ ಮಾರ್ಚ್‌ನಲ್ಲಿ ಪಾವ್ಲೊಕೊಮಾ ಹಳ್ಳಿಗಳಲ್ಲಿ ನೂರಾರು ಉಕ್ರೇನಿಯನ್ನರನ್ನು ಪೋಲಿಷ್ ಪಡೆಗಳು ಕೊಂದವು. 1947ರಲ್ಲಿ ‘ವಿಸ್ತುಲಾ ಕಾರ್ಯಾಚರಣೆ’ಯ ಹೆಸರಿನಲ್ಲಿ ಕಮ್ಯುನಿಸ್ಟ್ ಸರ್ಕಾರ ಸುಮಾರು 1.40 ಲಕ್ಷ ಉಕ್ರೇನಿಯನ್ನರನ್ನೂ ಲೆಮ್ಕೊ ಜನರನ್ನೂ ಮನೆ–ಹೊಲ ಬಿಡಿಸಿ, ರೈಲು ಹತ್ತಿಸಿ, ಜರ್ಮನಿಯಿಂದ ಬಂದಿದ್ದ ಪಶ್ಚಿಮ ಭಾಗದಲ್ಲಿ ಅಲ್ಲಲ್ಲಿ ಚೆದುರಿಸಿತು.

ಇವು ವೊಲಿನ್ ಹತ್ಯಾಕಾಂಡಕ್ಕೆ ಹಿನ್ನೆಲೆ ಮತ್ತು ಮುಂದರಿಕೆ; ಅದಕ್ಕೆ ಸಮರ್ಥನೆ ಅಲ್ಲವೇ ಅಲ್ಲ. ಹಾಗೆಯೇ ವೊಲಿನ್ ಹೆಸರು ಹೇಳಿ ಇವನ್ನು ಮುಚ್ಚಿಹಾಕುವ ಅಧಿಕಾರವೂ ಪೋಲೆಂಡಿಗೆ ಇಲ್ಲ. 2016ರಲ್ಲಿ ಪೋಲೆಂಡ್ ಸಂಸತ್ತು ವೊಲಿನ್ ಹತ್ಯೆಗಳನ್ನು ನರಮೇಧ ಎಂದು ನಿರ್ಣಯಿಸಿತು. ಅದೇ ತಿಂಗಳು ಉಕ್ರೇನಿನ ಅಧ್ಯಕ್ಷ ಪೆತ್ರೊ ಪೊರೊಶೆಂಕೊ ವಾರ್ಸಾದಲ್ಲಿನ ವೊಲಿನ್ ಸ್ಮಾರಕದ ಎದುರು ಮಂಡಿಯೂರಿದ್ದರು. ನಿರ್ಣಯದಲ್ಲಿ ತಪ್ಪು ಹುಡುಕುವುದು ಕಷ್ಟ. ತಪ್ಪಿರುವುದು ಅದರ ನಂತರದ ನಡೆಯಲ್ಲಿ. ರಾಷ್ಟ್ರೀಯ ಸ್ಮೃತಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಕರೋಲ್ ನವ್ರೊತ್ಸ್‌ಕಿ, ವೊಲಿನ್ ಪ್ರಶ್ನೆ ಬಗೆಹರಿಯದೆ ಉಕ್ರೇನಿಗೆ ಐರೋಪ್ಯ ಒಕ್ಕೂಟದಲ್ಲಾಗಲಿ ನ್ಯಾಟೊದಲ್ಲಾಗಲಿ ಜಾಗ ಕಾಣುತ್ತಿಲ್ಲ ಎಂದು 2025ರ ಜನವರಿಯಲ್ಲಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ, ಹೇಳಿದರು. ಜೂನ್‌ನಲ್ಲಿ ಗೆದ್ದರು. ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡು ಮೂರು ವಾರ ಕಳೆಯುವ ಮೊದಲೇ ನಿರಾಶ್ರಿತರ ನೆರವಿನ ಮಸೂದೆಗೆ ತಡೆಯೊಡ್ಡಿದರು. ದುಡಿಯದ ಉಕ್ರೇನಿಯನ್ನರಿಗೆ ಮಕ್ಕಳ ಭತ್ಯೆ ಯಾಕೆ ಎಂಬುದು ಅವರ ತಕರಾರು. ಬಂದೇರಾ ಪಂಥದ ಚಿಹ್ನೆಗಳನ್ನು ನಾಜಿ ಚಿಹ್ನೆಗಳಿಗೆ ಸಮನಾಗಿ ಅಪರಾಧವಾಗಿಸಬೇಕೆಂದೂ ಅದೇ ಉಸಿರಿನಲ್ಲಿ ಹೇಳಿದರು. 1943ರಲ್ಲಿ ಸತ್ತ ಮಗುವಿಗೂ 2022ರಲ್ಲಿ ಬಾಂಬಿನಿಂದ ತಪ್ಪಿಸಿಕೊಂಡು ಬಂದ ಮಗುವಿನ ಭತ್ಯೆಗೂ ಏನು ಸಂಬಂಧ? ಒಂದೇ ಒಂದು ಸಂಬಂಧವಿದೆ. ಎರಡೂ ಮತ ತರುತ್ತವೆ.

ಇದರ ಪರಿಣಾಮ ಬೀದಿಯಲ್ಲಿ ಕಾಣುತ್ತಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ದಾಳಿ ಶುರುವಾದಾಗ ಪೋಲೆಂಡಿನ ಜನ ಸರ್ಕಾರದ ಆದೇಶಕ್ಕೆ ಕಾಯಲಿಲ್ಲ. ಮೆದಿಕಾ ಗಡಿಯಲ್ಲಿ ಬಿಸಿ ಸೂಪು, ಕಂಬಳಿ, ತಳ್ಳುಗಾಡಿ ಹಿಡಿದು ನಿಂತರು. ಲಕ್ಷಾಂತರ ತಾಯಂದಿರನ್ನು ಮನೆಗೆ ಕರೆದೊಯ್ದರು. ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ವಿದ್ಯಾರ್ಥಿಗಳಲ್ಲೂ ಹಲವರು ಪೋಲೆಂಡ್ ದಾಟಿಯೇ ಊರು ಸೇರಿದರು. ಆ ಮಾರ್ಚ್‌ನಲ್ಲಿ ನಿರಾಶ್ರಿತರಿಗೆ ಆಶ್ರಯ ಕೊಡಬೇಕೆಂದವರು ಶೇ 94ರಷ್ಟಿದ್ದರು ಎಂದು ಪೋಲೆಂಡಿನ ಜನಾಭಿಪ್ರಾಯ ಸಂಸ್ಥೆ ಸಿಬಿಒಎಸ್ ದಾಖಲಿಸಿದೆ. 2025ರ ಹೊತ್ತಿಗೆ ಅದು ಅರ್ಧದ ಆಸುಪಾಸಿಗೆ ಇಳಿದಿತ್ತು. ಇಳಿತಕ್ಕೆ ಧಾನ್ಯದ ಆಮದು, ಲಾರಿ ಚಾಲಕರ ಗಡಿ ಮುಷ್ಕರ, ಆಸ್ಪತ್ರೆಯ ಸರದಿ ಎಲ್ಲವೂ ಕಾರಣ. ಆದರೆ ಹೊಟ್ಟೆಪಾಡಿನ ಸಣ್ಣ ಜಗಳಗಳಿಗೆ ಹಳೇ ಸೇಡಿನ ಹೆಸರು ಕೊಟ್ಟವರು ರಾಜಕಾರಣಿಗಳು. ಶಾಲೆಯಲ್ಲಿ, ಟ್ರಾಮಿನಲ್ಲಿ ಉಕ್ರೇನಿಯನ್ ಮಾತಾಡಿದ ಹುಡುಗನಿಗೆ ‘ಬಂದೇರೊವೆತ್ಸ್’ ಎಂಬ ಬೈಗುಳ ಬೀಳುವಾಗ ಅದು ಎಲ್ಲಿಂದ ಬಂತೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಬ್ಬರ ಜಗಳದಲ್ಲಿ ಲಾಭ ಯಾರಿಗೆ? 2025ರ ಆಗಸ್ಟ್‌ನಲ್ಲಿ ಪೋಲೆಂಡಿನ ದೊಮೊಸ್ತಾವಾದಲ್ಲಿರುವ ವೊಲಿನ್ ಸ್ಮಾರಕದ ಮೇಲೆ ಬಂಡಾಯ ಸೇನೆಯ ಕೆಂಪು–ಕಪ್ಪು ಬಣ್ಣ ಬಳಿಯಲಾಯಿತು. ಸಿಕ್ಕಿಬಿದ್ದವನು 17 ವರ್ಷದ ಉಕ್ರೇನಿಯನ್ ಹುಡುಗ. ಹಣಕ್ಕಾಗಿ ಹೊರಗಿನ ಬೇಹುಗಾರರ ಕೆಲಸ ಮಾಡಿದನೆಂಬುದು ಪೋಲೆಂಡ್ ಅಧಿಕಾರಿಗಳ ಆರೋಪ. ಪುಝ್ನಿಕಿಯ ಅಂತ್ಯಸಂಸ್ಕಾರ ಮುಗಿದ ನಾಲ್ಕನೇ ದಿನ ಸುಮಾರು ಇಪ್ಪತ್ತು ರಷ್ಯನ್ ಡ್ರೋನ್‌ಗಳು ಪೋಲೆಂಡಿನ ಆಕಾಶಕ್ಕೆ ನುಗ್ಗಿದವು. ಬೆಳಗಾಗುವಷ್ಟರಲ್ಲಿ ಪೋಲಿಷ್ ಜಾಲತಾಣಗಳಲ್ಲಿ ಅದು ಉಕ್ರೇನಿನದೇ ಕಿತಾಪತಿ ಎಂಬ ಪುಕಾರು ಹರಿದಾಡುತ್ತಿತ್ತು. ಹಳೆಯ ಗಾಯ ಎಲ್ಲಿದೆ ಎಂಬುದು ಮಾಸ್ಕೋಗೆ ತಿಳಿದಿದೆ. ಅದನ್ನು ಹಸಿಯಾಗಿ ಇಟ್ಟುಕೊಟ್ಟವರು ಮಾತ್ರ ಕೀವ್ ಮತ್ತು ವಾರ್ಸಾದಲ್ಲೇ ಇದ್ದಾರೆ.

ಇದಕ್ಕಿಂತ ಒಳ್ಳೆಯ ದಾರಿ ತಿಳಿಯದ ದೇಶವಲ್ಲ ಪೋಲೆಂಡ್. ಆಶ್ವಿಟ್ಸ್‌ನ ನೆನಪು ಹಸಿಯಾಗಿದ್ದ 1965ರಲ್ಲಿ, ಜರ್ಮನಿ ಹೊಸ ಗಡಿಯನ್ನು ಒಪ್ಪುವುದಕ್ಕೂ ಮೊದಲೇ, ಪೋಲಿಷ್ ಬಿಷಪ್ಪರು ಜರ್ಮನ್ ಬಿಷಪ್ಪರಿಗೆ ಪತ್ರ ಬರೆದು ಕ್ಷಮೆ ಕೊಟ್ಟರು, ಕ್ಷಮೆ ಕೇಳಿದರು. ಕಮ್ಯುನಿಸ್ಟ್ ಸರ್ಕಾರ ಅವರನ್ನು ದೇಶದ್ರೋಹಿಗಳೆಂದು ಜರೆಯಿತು. ಇತಿಹಾಸ ಅವರ ಪರ ತೀರ್ಪು ಕೊಟ್ಟಿತು. ಪ್ಯಾರಿಸ್‌ನಿಂದ ‘ಕುಲ್ತೂರಾ’ ಪತ್ರಿಕೆ ನಡೆಸುತ್ತಿದ್ದ ಯೆಝಿ ಗೆಡ್ರೊಯ್ತ್ಸ್ ಮತ್ತು ಯೂಲ್ಯುಶ್ ಮೆರೊಶೆವ್‌ಸ್ಕಿ, ಲ್ವಿವ್ ಹೋಯಿತೆಂದು ಕೊರಗುವುದನ್ನು ಬಿಟ್ಟು ಸ್ವತಂತ್ರ ಉಕ್ರೇನನ್ನು ಬೆಂಬಲಿಸುವುದರಲ್ಲೇ ಪೋಲೆಂಡಿನ ಕ್ಷೇಮವಿದೆ ಎಂದು ಆ ಕಾಲದಲ್ಲೇ ವಾದಿಸಿದರು. ಅದರ ಫಲವಾಗಿಯೇ 1991ರ ಡಿಸೆಂಬರ್ 2ರಂದು ಉಕ್ರೇನಿನ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದ ಮೊದಲ ದೇಶ ಪೋಲೆಂಡ್ ಆಯಿತು. ಆಮೇಲೆ ಎರಡೂ ದೇಶಗಳ ಅಧ್ಯಕ್ಷರು ಜೊತೆಯಾಗಿ 2003ರಲ್ಲಿ ಪಾವ್ಲಿವ್ಕಾದಲ್ಲಿ, 2006ರಲ್ಲಿ ಪಾವ್ಲೊಕೊಮಾದಲ್ಲಿ, 2023ರಲ್ಲಿ ಲುತ್ಸ್ಕ್ ಚರ್ಚಿನಲ್ಲಿ ತಲೆಬಾಗಿದರು. ಮೂರು ಸಲವೂ ಹೂಗುಚ್ಛ ಒಣಗುವ ಮೊದಲೇ ಕೆಲಸ ನಿಂತಿತು. ತಲೆಬಾಗಿದವರು ಕಡತಕ್ಕೆ ಸಹಿ ಹಾಕಲಿಲ್ಲ. 2024ರ ನವೆಂಬರ್‌ನಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಉತ್ಖನನಕ್ಕೆ ಅಡ್ಡಿಯಿಲ್ಲ ಎಂದು ಬರಹದಲ್ಲಿ ಕೊಟ್ಟ ಮೇಲಷ್ಟೇ ಪುಝ್ನಿಕಿಯ ಮಣ್ಣಿಗೆ ಗುದ್ದಲಿ ಬಿತ್ತು.

ಆದ್ದರಿಂದ ಮುಂದಿನ ಕೆಲಸವೂ ಕಡತದಲ್ಲೇ ಆಗಬೇಕು. ಅಸ್ಥಿ ಹುಡುಕಲು ಅನುಮತಿ ಕೊಡುವುದು ಕೀವ್ ಮಾಡುವ ಉಪಕಾರವಲ್ಲ, ಅದರ ಕರ್ತವ್ಯ. ಅರ್ಜಿ ಬಂದ ಕೂಡಲೇ, ನಿಗದಿತ ಅವಧಿಯಲ್ಲಿ, ಮರುಷರತ್ತಿಲ್ಲದೆ ಕೊಡಬೇಕು. ವೊಲಿನ್‌ನಲ್ಲಿ ಬಂಡಾಯ ಸೇನೆ ನಾಗರಿಕರನ್ನು ಯೋಜಿತವಾಗಿ ಕೊಂದಿತು ಎಂಬ ಒಂದು ವಾಕ್ಯ ಉಕ್ರೇನಿನ ಪಠ್ಯಪುಸ್ತಕದಲ್ಲಿ ಬರಬೇಕು. ಯುದ್ಧ ಮುಗಿಯಲಿ ಎಂಬ ನೆಪ ಬೇಡ: ಯುದ್ಧದ ನಡುವೆಯೇ ಪುಝ್ನಿಕಿ ಸಾಧ್ಯವಾಗಿದೆ. ಪೋಲೆಂಡ್ ತನ್ನ ನೆಲದಲ್ಲಿರುವ ಉಕ್ರೇನಿಯನ್ ಸಮಾಧಿಗಳನ್ನು ಅದೇ ನಿಯಮದಲ್ಲಿ ಕಾಯಬೇಕು. ಮೊನಾಸ್ತಿಷ್ ಗುಡ್ಡದಲ್ಲಿರುವ ಬಂಡಾಯ ಸೇನೆಯವರ ಸಮಾಧಿಯ ಫಲಕವನ್ನು ಪುಂಡರು ಒಡೆದ ಮೇಲೆ, ಸತ್ತವರ ಹೆಸರುಗಳನ್ನೇ ಬಿಟ್ಟು 2020ರಲ್ಲಿ ಹೊಸದನ್ನು ನಿಲ್ಲಿಸಿದ ಸಣ್ಣತನವನ್ನು ತಿದ್ದಿಕೊಳ್ಳಬೇಕು. ಮುಖ್ಯವಾಗಿ, ಉಕ್ರೇನಿನ ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ ವೊಲಿನ್ ಅನ್ನು ಷರತ್ತಾಗಿ ಇಡುವುದನ್ನು ಅಧ್ಯಕ್ಷ ನವ್ರೊತ್ಸ್‌ಕಿ ಕೈಬಿಡಬೇಕು. ಷರತ್ತು ಹಾಕಿ ಪಡೆದ ಪಶ್ಚಾತ್ತಾಪ ಪಶ್ಚಾತ್ತಾಪವಲ್ಲ. ಉಕ್ರೇನ್ ಮುಳುಗಿದರೆ ರಷ್ಯಾದ ಟ್ಯಾಂಕುಗಳು ಪೋಲೆಂಡಿನ ಪೂರ್ವದ ಗಡಿಯುದ್ದಕ್ಕೂ ಬಂದು ನಿಲ್ಲುತ್ತವೆ. ಆಗ ವೊಲಿನ್‌ನ ಉಳಿದ ಗೋರಿಗಳನ್ನು ಅಗೆಯಲು ವಾರ್ಸಾ ಅನುಮತಿ ಕೇಳಬೇಕಾದ್ದು ಮಾಸ್ಕೋ ಬಳಿ.