ಕೊಳದ ಕಪ್ಪೆಮರಿಯೂ ಅಹಿಂಸಾಣುವ್ರತವೂ

ಕಮಲದಳವನ್ನು ಕಚ್ಚಿಕೊಂಡು ಭಗವಾನ್ ಮಹಾವೀರರ ಸಮವಸರಣಕ್ಕೆ ಹೊರಟು, ಶ್ರೇಣಿಕನ ಆನೆಯ ಕಾಲಡಿ ಸಿಲುಕಿ ದೇವಗತಿ ಪಡೆದ ಕಪ್ಪೆಯ ಕಥೆ ಹೇಳುವ ಶ್ರಾವಕರ ಮನೆಗಳಲ್ಲಿಯೇ, ತೋಟದ ಕೊಳದ ಕಪ್ಪೆಮರಿಗಳನ್ನು ಸೀಸೆಗೆ ತುಂಬಿ ಚಿತ್ರೀಕರಿಸುವುದು ವಿನೋದವಾಗಿದೆ. ‘ಕೊಲ್ಲಲಿಲ್ಲ, ನೋಡಿದೆವಷ್ಟೆ’ ಎಂಬ ಸಮಾಧಾನ ಸಲ್ಲದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಎಣಿಸಿರುವುದು ಬಂಧನವನ್ನೇ. ತೇವದ ಚರ್ಮದಿಂದಲೂ ಉಸಿರಾಡುವ ಈ ಪಂಚೇಂದ್ರಿಯ ಜೀವಿಗೆ ಒಣಗೈಯ ಸ್ಪರ್ಶವೂ, ಬಿಸಿಲಿಗೆ ಕಾದ ಸೀಸೆಯ ನೀರೂ ಬಾಧೆಯೇ. ದಂಡೆಯಲ್ಲಿ ಕುಳಿತು, ಮುಟ್ಟದೆ, ಹಿಡಿಯದೆ ನೋಡುವ ನೋಟವೊಂದೇ ನಿರ್ದೋಷವಾದುದು.

ಬಸದಿಯ ಟ್ರಸ್ಟುಗಳಿಗೂ ಹೊಣೆಯುಂಟು. ಬಾಲ ಕರಗಿ ಶ್ವಾಸಕೋಶದಿಂದ ಉಸಿರಾಡತೊಡಗಿದ ಮರಿಗೆ ನೆಲ ಬೇಕು. ನೆಟ್ಟಗಿನ ಸಿಮೆಂಟು ಗೋಡೆಯನ್ನು ಏರಲಾಗದ ಮರಿ ದಣಿದು ಮುಳುಗುತ್ತದೆ. ಕೊಳಕ್ಕೊಂದು ಇಳಿಜಾರು ಕಲ್ಲನ್ನಿಡದೆ ದ್ವಾರದಲ್ಲಿ ಜೀವದಯೆಯ ಫಲಕ ತೂಗುಹಾಕುವುದು ಧರ್ಮವೆನಿಸದು.